ಮಾತು ಬದಲಾದಾಗ ಅರ್ಥ ಉಳಿಯಬೇಕಾದರೆ
ಜುಮಾ ಖುತ್ಬಾದ ಸಾರಾಂಶದ ಹಿಂದಿರುವ ಚರಿತ್ರೆ

ಶುಕ್ರವಾರ ಮಧ್ಯಾಹ್ನ ಕೊಡಗಿನ ಯಾವ ಮಸೀದಿಯಲ್ಲಿ ಕುಳಿತರೂ ಮಿಂಬರಿನಿಂದ ಹಮ್ದ್, ಸ್ವಲಾತ್ ಮತ್ತು ತಕ್ವಾದ ಉಪದೇಶ ಕಿವಿಗೆ ಬೀಳುವುದು ಅರಬಿಯಲ್ಲಿ. ಅದರ ತಾತ್ಪರ್ಯ ಮನಸ್ಸಿಗೆ ಇಳಿಯುವುದು ಮಾತ್ರ ಬೇರೆ ಬೇರೆ ಭಾಷೆಗಳಲ್ಲಿ. ಕೆಲವರಿಗೆ ಮಲಯಾಳಂ ಬೇಕು, ಕೆಲವರಿಗೆ ಬ್ಯಾರಿ, ಕೆಲವರಿಗೆ ಉರ್ದು. ಕೊಡವ ಮಾಪಿಳ್ಳೆ ಮನೆತನಗಳಲ್ಲಿ ಕೊಡವ ತಕ್ಕ್ ಮನೆಮಾತು. ಇಲ್ಲಿನ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಕನ್ನಡವೇ ಸಲೀಸು. ಕಾಫಿ ತೋಟಗಳ ಕೆಲಸಕ್ಕೆ ಬಂದಿರುವ ಅಸ್ಸಾಂ, ಬಂಗಾಳದ ಸಹೋದರರೂ ಈಗ ಅದೇ ಸಫ್‌ಗಳಲ್ಲಿ ನಿಲ್ಲುತ್ತಾರೆ.

ಹೀಗಾಗಿ ನಮ್ಮಲ್ಲಿ ಒಂದು ಉಪದೇಶ ಒಂದೇ ಸಲ ಹೇಳಿ ಮುಗಿಯುವುದಿಲ್ಲ. ಕಿತಾಬಿನಲ್ಲಿರುವುದನ್ನು ಖತೀಬರು ಜನರ ಭಾಷೆಯಲ್ಲಿ ಹೇಳುತ್ತಾರೆ. ಕೇಳಿದವರು ಮನೆಗೆ ಹೋಗಿ ತಾಯಿಗೆ, ಹೆಂಡತಿಗೆ, ಮಕ್ಕಳಿಗೆ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಅರ್ಧ ಗಂಟೆಯ ಪ್ರವಚನ ಇಂತಹ ಮಾಸಿಕದ ಎರಡು ಪುಟಕ್ಕೆ ಇಳಿಯುತ್ತದೆ. ಪ್ರತಿ ಹಂತದಲ್ಲೂ ಮಾತು ಬದಲಾಗುತ್ತದೆ. ಬದಲಾಗದೆ ವಿಧಿಯಿಲ್ಲ. ಆದರೆ ಎಷ್ಟು ಬದಲಾಗಬಹುದು? ಯಾವ ಬದಲಾವಣೆ ಸೇವೆ, ಯಾವುದು ಅಮಾನತ್ತಿಗೆ ಮಾಡುವ ದ್ರೋಹ? ಈ ಪ್ರಶ್ನೆ ಅಚ್ಚುಯಂತ್ರ ಬಂದ ಮೇಲೆ ಹುಟ್ಟಿದ್ದಲ್ಲ. ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ನಮ್ಮ ಪೂರ್ವಿಕ ವಿದ್ವಾಂಸರು ಇದನ್ನು ಕೇಳಿಕೊಂಡು, ಬಹಳ ಎಚ್ಚರದಿಂದ ಉತ್ತರ ಕೊಟ್ಟಿದ್ದಾರೆ.

ಅರಫಾದ ಮೈದಾನದಲ್ಲಿ

ಹಿಜರಿ 10ರಲ್ಲಿ ಪ್ರವಾದಿ(ಸ)ರವರು ವಿದಾಯದ ಹಜ್ಜ್ ನಿರ್ವಹಿಸಿದಾಗ ಅರಫಾದಲ್ಲಿ ಸೇರಿದ್ದ ಜನಸಮೂಹಕ್ಕೆ ಒಬ್ಬರ ಧ್ವನಿ ಮುಟ್ಟುವಂತಿರಲಿಲ್ಲ. ಪ್ರವಾದಿ(ಸ)ರವರು ಒಂದೊಂದೇ ಮಾತು ಹೇಳುತ್ತಿದ್ದರೆಂದೂ, ಗಟ್ಟಿ ಕಂಠದ ರಬೀಅ ಬಿನ್ ಉಮಯ್ಯ ಎಂಬವರು ಅದನ್ನು ಕೂಗಿ ಜನರಿಗೆ ತಲುಪಿಸುತ್ತಿದ್ದರೆಂದೂ ಇಬ್ನು ಇಸ್‌ಹಾಕ್‌ರ ಚರಿತ್ರೆ ತಿಳಿಸುತ್ತದೆ. ಮಿನಾದಲ್ಲಿ ಅಲೀ(ರ)ರವರು ಆ ಕೆಲಸ ಮಾಡಿದರೆಂದು ಅಬೂ ದಾವೂದ್‌ರ ಸಂಗ್ರಹದಲ್ಲಿದೆ. ಉಪದೇಶವನ್ನು ಕೇಳಿ ಇನ್ನೊಬ್ಬರಿಗೆ ಮುಟ್ಟಿಸುವವನ ಸ್ಥಾನ ಇಸ್ಲಾಮಿನ ಚರಿತ್ರೆಯಲ್ಲಿ ಅಷ್ಟು ಹಳೆಯದು. ಹಾಜರಿದ್ದವರು ಹಾಜರಿಲ್ಲದವರಿಗೆ ತಲುಪಿಸಬೇಕೆಂಬ ಆದೇಶವೂ ಆ ಹಜ್ಜಿನ ಸಂದರ್ಭದಲ್ಲೇ ಬಂತು. ಮುಟ್ಟಿಸಿದವನಿಗಿಂತ ಮುಟ್ಟಿಸಿಕೊಂಡವನೇ ಹೆಚ್ಚು ಅರಿತುಕೊಳ್ಳಬಹುದೆಂಬ ಸೂಚನೆಯೂ ಅದರ ಜೊತೆಗಿತ್ತು.

ಆ ಭಾಷಣವನ್ನು ಅಲ್ಲಿ ಯಾರೂ ಆದಿಯಿಂದ ಅಂತ್ಯದವರೆಗೆ ಬರೆದುಕೊಳ್ಳಲಿಲ್ಲ. ಜಾಬಿರ್(ರ)ರವರು ವರದಿ ಮಾಡಿದ್ದು ಸ್ವಹೀಹ್ ಮುಸ್ಲಿಮ್‌ನಲ್ಲಿದೆ. ಅದರಲ್ಲಿ ಜೀವ ಮತ್ತು ಸಂಪತ್ತಿನ ಪಾವಿತ್ರ್ಯ, ಬಡ್ಡಿ ಮತ್ತು ರಕ್ತದ ಹಗೆಯ ರದ್ದತಿ, ಸ್ತ್ರೀಯರ ಹಕ್ಕುಗಳ ಪ್ರಸ್ತಾಪವಿದೆ. ಅಬೂ ಬಕ್‌ರ(ರ)ರವರ ವರದಿ ಬುಖಾರಿಯಲ್ಲಿದೆ. ಅಲ್ಲಿ ಪ್ರವಾದಿ(ಸ)ರವರು ಇದು ಯಾವ ದಿನ, ಯಾವ ತಿಂಗಳು, ಯಾವ ನಾಡು ಎಂದು ಪ್ರಶ್ನೆ ಕೇಳಿ ಜನರನ್ನು ಎಚ್ಚರಿಸಿದ್ದು ಮುಖ್ಯವಾಗುತ್ತದೆ. ಸ್ಥಳ ಬೇರೆ, ದಿನ ಬೇರೆ, ಶಬ್ದಗಳು ಬೇರೆ. ಆದರೂ ಎರಡನ್ನೂ ಓದಿದವನಿಗೆ ಒಂದೇ ಸಂದೇಶ ಸಿಗುತ್ತದೆ. ಇಂದು ಗೋಡೆಗೆ ತೂಗುಹಾಕುವ 'ವಿದಾಯ ಭಾಷಣ'ದ ಫಲಕಗಳು ಇಂತಹ ಹಲವು ವರದಿಗಳನ್ನು ಸೇರಿಸಿ ಹೆಣೆದವು. ಅವೂ ಒಂದು ಬಗೆಯ ಸಾರಾಂಶವೇ.

ಒಂದು ಪದದ ತಿದ್ದುಪಡಿ

ಹಾಗಾದರೆ ಅರ್ಥ ಸರಿಯಿದ್ದರೆ ಯಾವ ಶಬ್ದವಾದರೂ ಆದೀತೇ? ಹಾಗೂ ಅಲ್ಲ. ಬರಾ ಬಿನ್ ಆಝಿಬ್(ರ)ರವರಿಗೆ ಪ್ರವಾದಿ(ಸ)ರವರು ಮಲಗುವ ಮುನ್ನ ಹೇಳುವ ಒಂದು ಪ್ರಾರ್ಥನೆಯನ್ನು ಕಲಿಸಿದರು. ಬರಾ(ರ) ಅದನ್ನು ಒಪ್ಪಿಸುವಾಗ 'ನಬಿ' ಎಂಬ ಪದವಿದ್ದಲ್ಲಿ 'ರಸೂಲ್' ಎಂದರು. ಎರಡೂ ಒಬ್ಬರನ್ನೇ ಸೂಚಿಸುವ ಪದಗಳು. ಆದರೂ ಪ್ರವಾದಿ(ಸ)ರವರು ತಿದ್ದಿ, ಕಲಿಸಿದ ಪದವನ್ನೇ ಹೇಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಘಟನೆಯಿಂದ ವಿದ್ವಾಂಸರು ಒಂದು ಗೆರೆ ಎಳೆದರು: ಪ್ರಾರ್ಥನೆ, ಬಾಂಗ್, ತಶಹ್ಹುದ್ ಮೊದಲಾದವುಗಳಲ್ಲಿ ಶಬ್ದವೇ ಆರಾಧನೆಯ ಭಾಗ. ಅಲ್ಲಿ ಸಮಾನಾರ್ಥಕ ಪದಕ್ಕೆ ಜಾಗವಿಲ್ಲ. ಅರ್ಥ ವಿವರಿಸಬಹುದು, ಮೂಲದ ಬದಲಿಗೆ ಅದನ್ನು ಇಡುವಂತಿಲ್ಲ.

ಉಳಿದ ವರದಿಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳಿದ್ದವು. ಬಸ್ರಾ ಪಟ್ಟಣದಲ್ಲಿ ಇಬ್ಬರು ಮಹಾ ವಿದ್ವಾಂಸರಿದ್ದರು. ಹಸನ್ ಬಸ್ರಿ(ರಹ್)ರವರು ಅರ್ಥ ಕೆಡದಿದ್ದರೆ ಮಾತು ಬದಲಿಸಿ ವರದಿ ಮಾಡಬಹುದು ಎನ್ನುತ್ತಿದ್ದರು. ಇಬ್ನು ಸೀರೀನ್(ರಹ್)ರವರು ಕೇಳಿದ ಅಕ್ಷರವನ್ನೇ ಹಿಡಿದುಕೊಳ್ಳುತ್ತಿದ್ದರು. ಇಬ್ಬರೂ ತೀರಿಕೊಂಡದ್ದು ಹಿಜರಿ 110ರಲ್ಲಿ, ಕ್ರಿ.ಶ. 728ರ ಸುಮಾರಿಗೆ. ಒಂದೇ ಊರು, ಒಂದೇ ಕಾಲ, ಎರಡು ದಾರಿ. ಅದಕ್ಕಾಗಿ ಅವರು ಒಬ್ಬರನ್ನೊಬ್ಬರು ದಾರಿತಪ್ಪಿದವರೆಂದು ಕರೆಯಲಿಲ್ಲ.

ಬಹುಪಾಲು ವಿದ್ವಾಂಸರು ನಂತರ ಅರ್ಥದ ವರದಿಗೆ ಒಪ್ಪಿದರು, ಆದರೆ ಷರತ್ತಿನೊಂದಿಗೆ. ಇಮಾಂ ಶಾಫಿಈ(ರಹ್)ರವರು ತಮ್ಮ 'ರಿಸಾಲ'ದಲ್ಲಿ ಅದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ಯಾವ ಪದ ಬದಲಾದರೆ ಅರ್ಥ ಬದಲಾಗುತ್ತದೆಂದು ಅರಿಯದವನು ಕೇಳಿದ ಹಾಗೆಯೇ ಹೇಳಬೇಕು. ಏಕೆಂದರೆ ಅವನು ಹಲಾಲನ್ನು ಹರಾಮಿನ ಕಡೆಗೆ ತಿರುಗಿಸಿಬಿಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಕುರ್‌ಆನಿನಲ್ಲೇ ಮೂಸಾ(ಅ)ರವರ ಕಥೆ ತ್ವಾಹಾ, ನಮ್ಲ್, ಕಸಸ್ ಅಧ್ಯಾಯಗಳಲ್ಲಿ ಬೇರೆ ಬೇರೆ ಶಬ್ದಗಳಲ್ಲಿ ಬಂದಿರುವುದನ್ನೂ, ಅರಬಿ ಮಾತನಾಡದ ಆ ಜನರ ಮಾತುಗಳನ್ನು ಅಲ್ಲಾಹನು ಅರಬಿಯಲ್ಲೇ ತಿಳಿಸಿರುವುದನ್ನೂ ವಿದ್ವಾಂಸರು ಈ ಅನುಮತಿಗೆ ಆಧಾರವಾಗಿ ತೋರಿಸಿದ್ದಾರೆ.

ಅನುಮತಿ ಇದ್ದವರೂ ಎಷ್ಟು ಹೆದರುತ್ತಿದ್ದರೆಂಬುದಕ್ಕೆ ಇಬ್ನು ಮಸ್ಊದ್(ರ) ಸಾಕ್ಷಿ. ಅವರು ಹದೀಸ್ ಹೇಳಿ ಮುಗಿಸಿ, 'ಹೀಗೆ, ಅಥವಾ ಇದಕ್ಕೆ ಸಮೀಪವಾಗಿ' ಎಂಬ ಅರ್ಥದ ಮಾತನ್ನು ಸೇರಿಸುತ್ತಿದ್ದರು. ಅನಸ್(ರ)ರವರು ಕೊನೆಯಲ್ಲಿ 'ಅವ್ ಕಮಾ ಕಾಲ' ಎನ್ನುತ್ತಿದ್ದರು. ಪ್ರವಾದಿ(ಸ) ಹೇಗೆ ಹೇಳಿದರೋ ಹಾಗೆ ಎಂಬುದು ಅದರ ಭಾವ. ನಮ್ಮ ಖತೀಬರು ಇಂದಿಗೂ ಹದೀಸಿನ ಕೊನೆಗೆ ಇದೇ ಮಾತನ್ನು ಹೇಳುವುದನ್ನು ನಾವು ಕೇಳುತ್ತೇವೆ. ಅದು ಅಲಂಕಾರಕ್ಕೆ ಹೇಳುವ ಮಾತಲ್ಲ. ಭಾವ ಅವರದು, ಮಾತಿನಲ್ಲಿ ನನ್ನದು ಸೇರಿರಬಹುದು ಎಂದು ಸಭೆಯ ಮುಂದೆ ಕೊಡುವ ಸೂಚನೆ.

'ಪುರುಷ' ಎಂಬ ಪದ ಬಿಟ್ಟುಹೋದಾಗ

ಬಸ್ರಾದಲ್ಲೇ ಮುಂದಿನ ತಲೆಮಾರಿನಲ್ಲಿ ಇಮಾಂ ಶುಅಬಾ(ರಹ್) ಇದ್ದರು. ಹದೀಸ್ ವಿದ್ಯೆಯಲ್ಲಿ ಅವರನ್ನು ವಿಶ್ವಾಸಿಗಳ ನಾಯಕ ಎಂದು ಕರೆಯುತ್ತಿದ್ದರು. ಇಸ್ಮಾಈಲ್ ಬಿನ್ ಉಲಯ್ಯ(ರಹ್) ಅವರಿಗೆ ಒಂದು ಹದೀಸ್ ಹೇಳಿದ್ದರು. ಪುರುಷನು ಕೇಸರಿಯ ಬಣ್ಣ ಬಳಸುವುದನ್ನು ಪ್ರವಾದಿ(ಸ) ತಡೆದರು ಎಂಬುದು ಅದರ ಸಾರ. ಶುಅಬಾ ಅದನ್ನು ಚಿಕ್ಕದು ಮಾಡಿ, ಕೇಸರಿ ಬಳಸುವುದನ್ನು ತಡೆದರು ಎಂದಷ್ಟೇ ವರದಿ ಮಾಡಿದರು. ಬಿಟ್ಟುಹೋದದ್ದು ಒಂದೇ ಪದ. ಆದರೆ ಪುರುಷರಿಗೆ ಮಾತ್ರ ಇದ್ದ ನಿರ್ಬಂಧ ಸ್ತ್ರೀಯರ ಮೇಲೂ ಬಿತ್ತು. ಇಸ್ಮಾಈಲ್ ಅದನ್ನು ಎತ್ತಿ ತೋರಿಸಿದರು. ಹಿಜರಿ 463ರಲ್ಲಿ ತೀರಿಕೊಂಡ ಖತೀಬುಲ್ ಬಗ್ದಾದಿ(ರಹ್) ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಶುಅಬಾರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಂಥವರ ಕೈಯಲ್ಲೂ ಒಂದು ಪದ ಜಾರಬಹುದೆಂದರೆ ನಮ್ಮ ಪಾಡೇನು?

ಸಾರಾಂಶಕ್ಕೂ ವಿದ್ವಾಂಸರು ನಿಯಮ ಹೇಳಿದ್ದಾರೆ. ಬಿಟ್ಟ ಭಾಗವು ಇಟ್ಟ ಭಾಗಕ್ಕೆ ಷರತ್ತೋ ವಿನಾಯಿತಿಯೋ ಆಗಿರಬಾರದು. ಚಿನ್ನವನ್ನು ಚಿನ್ನಕ್ಕೆ ಮಾರುವುದನ್ನು ತಡೆಯುವ ಹದೀಸಿನಲ್ಲಿ ಸಮತೂಕವಾಗಿದ್ದರೆ ಮಾತ್ರ ಸರಿ ಎಂಬ ವಿನಾಯಿತಿ ಇದೆ. ಅದನ್ನು ಬಿಟ್ಟರೆ ನ್ಯಾಯವಾದ ವಿನಿಮಯವೂ ಹರಾಮಾಗಿ ಕಾಣುತ್ತದೆ. ಅನ್ನಿಸಾ ಅಧ್ಯಾಯದ 43ನೇ ವಚನ ಅಮಲಿನ ಸ್ಥಿತಿಯಲ್ಲಿ ನಮಾಝಿನ ಹತ್ತಿರ ಹೋಗಬಾರದೆಂದು ತಿಳಿಸುತ್ತದೆ. ಅರ್ಧಕ್ಕೆ ನಿಲ್ಲಿಸಿ ಓದಿದವನು ಅದನ್ನು ನಮಾಝಿಗೇ ನಿಷೇಧ ಎಂದು ತಿರುಗಿಸಬಲ್ಲ. ಇಮಾಂ ಬುಖಾರಿ(ರಹ್)ರವರೂ ದೀರ್ಘ ಹದೀಸ್‌ಗಳನ್ನು ತುಂಡು ಮಾಡಿ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದ್ದಾರೆ. ಆದರೆ ಪ್ರತಿ ತುಂಡೂ ತನ್ನ ಕಾಲ ಮೇಲೆ ನಿಲ್ಲುವಂತೆ ನೋಡಿಕೊಂಡರು.

ಇನ್ನೊಂದು ಅಪಾಯ ಸೇರಿಸುವುದರಲ್ಲಿದೆ. ವುಝೂ ಮಾಡುವಾಗ ಹಿಮ್ಮಡಿ ಒಣಗಿರಲು ಬಿಟ್ಟವರಿಗೆ ಪ್ರವಾದಿ(ಸ)ರವರು ಕೊಟ್ಟ ಎಚ್ಚರಿಕೆಯನ್ನು ಅಬೂ ಹುರೈರ(ರ)ರವರು ಜನರಿಗೆ ಹೇಳುವಾಗ, ವುಝೂವನ್ನು ಪೂರ್ಣವಾಗಿ ಮಾಡಿರೆಂದು ಮೊದಲು ತಮ್ಮ ಕಡೆಯಿಂದ ಹೇಳಿದ್ದರು. ಕೆಲವು ವರದಿಗಾರರು ಎರಡನ್ನೂ ಒಟ್ಟುಗೂಡಿಸಿ ಎಲ್ಲವೂ ಪ್ರವಾದಿ(ಸ)ರವರ ಮಾತೆಂಬಂತೆ ಹೇಳಿದರು. ಅಬೂ ಹುರೈರ(ರ)ರವರ ಮಾತು ತಪ್ಪಲ್ಲ, ಒಳ್ಳೆಯ ಮಾತೇ. ಆದರೂ ವಿದ್ವಾಂಸರು ಎರಡನ್ನೂ ಬೇರ್ಪಡಿಸಿದರು. ಇಂತಹ ಬೆರಕೆಗೆ 'ಮುದ್ರಜ್' ಎಂದು ಹೆಸರಿಟ್ಟು, ಅದಕ್ಕೆಂದೇ ಗ್ರಂಥಗಳನ್ನು ಬರೆದರು. ಒಳ್ಳೆಯ ಮಾತಾದರೂ ಯಾರ ಮಾತೆಂಬುದು ತಿಳಿದಿರಬೇಕು ಎಂಬುದು ಅವರ ಹಟ.

ಭಾಷೆಯ ಗಡಿ ದಾಟಿದಾಗ

ಪ್ರವಾದಿ(ಸ)ರವರು ರೋಮ್ ಚಕ್ರವರ್ತಿ ಹೆರಾಕ್ಲಿಯಸ್‌ಗೆ ಕಳುಹಿಸಿದ ಪತ್ರದಲ್ಲಿ ಕುರ್‌ಆನಿನ ವಚನವಿತ್ತು. ಆ ದರ್ಬಾರಿನಲ್ಲಿ ದುಭಾಷಿ ಇದ್ದನೆಂದು ಬುಖಾರಿಯ ಪ್ರಸಿದ್ಧ ವರದಿ ಹೇಳುತ್ತದೆ. ಅರಬಿ ಬಾರದವರಿಗೆ ಅರ್ಥ ಮುಟ್ಟಿಸಬಹುದೆಂಬುದಕ್ಕೆ ಇದನ್ನೂ ಆಧಾರವಾಗಿ ಎತ್ತಿಕೊಳ್ಳಲಾಗಿದೆ. ಬಸ್ರಾದಲ್ಲಿ ಇಬ್ನು ಅಬ್ಬಾಸ್(ರ) ಮತ್ತು ಜನರ ನಡುವೆ ಅಬೂ ಜಮ್ರ ಎಂಬವರು ತರ್ಜುಮೆ ಮಾಡುತ್ತಿದ್ದರು. ಅದು ಫಾರಸಿ ಬಲ್ಲವರಿಗೆ ಮಾಡಿದ ಅನುವಾದವೋ, ಗದ್ದಲದಲ್ಲಿ ಕೇಳಿಸದವರಿಗೆ ಮತ್ತೆ ಹೇಳಿದ್ದೋ ಎಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. 'ತರ್ಜುಮೆ' ಎಂಬ ಪದಕ್ಕೆ ಆಗ ಎರಡೂ ಅರ್ಥಗಳಿದ್ದವು.

ಹತ್ತನೇ ಶತಮಾನದಲ್ಲಿ ಸಾಮಾನಿ ದೊರೆ ಮನ್ಸೂರ್ ಬಿನ್ ನೂಹ್ ಅರಬಿಯ ತಬರಿ ತಫ್ಸೀರನ್ನು ಫಾರಸಿಗೆ ತರಿಸಲು ಮೊದಲು ಉಲಮಾಗಳ ಅಭಿಪ್ರಾಯ ಕೇಳಿದರು. ಅವರು ಒಪ್ಪಿದ ಮೇಲೆಯೇ ಕೆಲಸ ನಡೆಯಿತು. ಭಾರತದಲ್ಲಿ ಶಾಹ್ ವಲೀಉಲ್ಲಾಹ್ ದಹ್ಲವಿ(ರಹ್) 1738ರ ಸುಮಾರಿಗೆ ಕುರ್‌ಆನಿನ ಫಾರಸಿ ಅನುವಾದ ಮುಗಿಸಿದರು. ಅವರ ಇಬ್ಬರು ಮಕ್ಕಳು ಉರ್ದುವಿಗೆ ಎರಡು ಬಗೆಯಲ್ಲಿ ತಂದರು. ಶಾಹ್ ರಫೀಉದ್ದೀನ್ ಅರಬಿಯ ಪದದ ಕೆಳಗೆ ಪದ ಇಟ್ಟರು. ಶಾಹ್ ಅಬ್ದುಲ್ ಕಾದಿರ್ 1790ರಲ್ಲಿ ಮುಗಿಸಿದ 'ಮೂಝಿಹುಲ್ ಕುರ್‌ಆನ್'ನಲ್ಲಿ ದಿಲ್ಲಿಯ ಜನ ಆಡುವ ಉರ್ದುವನ್ನು ಬಳಸಿದರು. ಅಣ್ಣನದು ಮೂಲಕ್ಕೆ ಹತ್ತಿರ, ತಮ್ಮನದು ಕೇಳುವವನಿಗೆ ಹತ್ತಿರ. ಬಸ್ರಾದ ಇಬ್ನು ಸೀರೀನ್ ಮತ್ತು ಹಸನ್ ಬಸ್ರಿಯವರ ಎರಡು ದಾರಿಗಳು ದಿಲ್ಲಿಯಲ್ಲಿ ಒಂದೇ ಮನೆಯಿಂದ ಹೊರಟಂತಾಯಿತು. ಸಮುದಾಯಕ್ಕೆ ಎರಡೂ ಬೇಕಾದವು.

ಘಟ್ಟ ಹತ್ತಿ ಬಂದ ಮಾತು

ಉತ್ತರದಲ್ಲಿ ಉರ್ದು ಮಾಡಿದ ಕೆಲಸವನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ಅರಬಿ-ಮಲಯಾಳಂ ಮಾಡಿತು. ಭಾಷೆ ಮಲಯಾಳಂ, ಲಿಪಿ ಅರಬಿ. ಅರಬಿಯಲ್ಲಿಲ್ಲದ ಧ್ವನಿಗಳಿಗೆ ಅಕ್ಷರಗಳಲ್ಲಿ ಗುರುತು ಸೇರಿಸಿಕೊಂಡರು. ಕೋಝಿಕೋಡಿನ ಖಾಝಿ ಮುಹಮ್ಮದ್(ರಹ್) 1607ರಲ್ಲಿ ರಚಿಸಿದ 'ಮುಹ್ಯಿದ್ದೀನ್ ಮಾಲ' ಈ ಲಿಪಿಯ ಹಳೆಯ ಕೃತಿಗಳಲ್ಲಿ ಪ್ರಸಿದ್ಧ. ಶೈಖ್ ಅಬ್ದುಲ್ ಕಾದಿರ್ ಜೀಲಾನಿ(ರಹ್)ರವರ ಚರಿತ್ರೆಯನ್ನು ಹಾಡಾಗಿ ತಂದ ಖಾಝಿಯವರು ತಾವು ಯಾವ ಅರಬಿ ಗ್ರಂಥಗಳನ್ನು ನೋಡಿ ಹೇಳುತ್ತಿರುವುದೆಂದು ಹಾಡಿನೊಳಗೇ ಹೆಸರಿಸುತ್ತಾರೆ. ಹೆಂಗಸರು ಮನೆಯಲ್ಲಿ ಕುಳಿತು ಹಾಡುವ ಮಾಲೆಯಲ್ಲೂ ಮೂಲದ ಋಣವನ್ನು ಮರೆಯಲಿಲ್ಲ.

ಮಿಂಬರಿನ ಅರಬಿ ಖುತ್ಬಾಕ್ಕೂ ದೀರ್ಘ ಪಯಣವಿದೆ. ಮಲಬಾರಿನ ಮಸೀದಿಗಳಲ್ಲಿ ಬಳಕೆಗೆ ಬಂದ 'ನುಬಾತಿಯ' ಖುತ್ಬಾ ಕಿತಾಬಿಗೆ ಆ ಹೆಸರು ಬಂದದ್ದು ಇಬ್ನು ನುಬಾತರಿಂದ. ಅವರು ಹತ್ತನೇ ಶತಮಾನದಲ್ಲಿ ಸಿರಿಯಾದ ಹಲಬ್ ಪಟ್ಟಣದಲ್ಲಿ, ಸೈಫುದ್ದೌಲರ ಕಾಲದಲ್ಲಿ ಖತೀಬರಾಗಿದ್ದವರು. ಅದು ಬೈಝಂಟೈನ್ ಸೇನೆಯೊಡನೆ ಪದೇಪದೇ ಕದನ ನಡೆಯುತ್ತಿದ್ದ ಗಡಿನಾಡು. ಆ ಊರಿನ ಸ್ಥಿತಿಗೆ ತಕ್ಕಂತೆ ಅವರು ಜನರನ್ನು ಹುರಿದುಂಬಿಸುತ್ತಿದ್ದರು. ಅಂತಹ ಸಂದರ್ಭದ ಮಾತನ್ನು ಬೇರೆ ಕಾಲದಲ್ಲಿ, ಬೇರೆ ನಾಡಿನಲ್ಲಿ ಸಂದರ್ಭ ಹೇಳದೆ ತರ್ಜುಮೆ ಮಾಡಿದರೆ ಶಬ್ದ ಸರಿಯಿದ್ದೂ ಅರ್ಥ ತಪ್ಪುತ್ತದೆ. ಎಲ್ಲಿ, ಯಾರಿಗೆ, ಏಕೆ ಹೇಳಿದ್ದು ಎಂಬುದೂ ಮಾತಿನ ಅರ್ಥದ ಭಾಗವೇ.

ಮಾಕುಟ್ಟ, ಪೆರುಂಬಾಡಿಯ ಘಟ್ಟದ ದಾರಿ ಕಣ್ಣೂರಿನ ಕಡೆಯನ್ನು ವಿರಾಜಪೇಟೆಗೆ ಜೋಡಿಸುತ್ತದೆ. ಸಂಪಾಜೆಯ ದಾರಿ ಸುಳ್ಯದ ಕಡೆಯಿಂದ ಮಡಿಕೇರಿಗೆ ಹತ್ತುತ್ತದೆ. ಕೊಡಗಿನ ಅಕ್ಕಿ ಕೆಳಗೆ ಇಳಿಯುತ್ತಿತ್ತು, ಕರಾವಳಿಯ ಉಪ್ಪು ಮತ್ತು ಒಣಮೀನು ಮೇಲೆ ಬರುತ್ತಿದ್ದವು. ವ್ಯಾಪಾರದ ಜೊತೆಗೆ ಉಸ್ತಾದರೂ ಕಿತಾಬುಗಳೂ ಬಂದವು. ಶಾಫಿಈ ಮದ್‌ಹಬ್ ಅನುಸರಿಸುವ ಈ ಜಮಾಅತ್‌ಗಳಲ್ಲಿ ಖುತ್ಬಾದ ಮೂಲ ಅಂಗಗಳು ಅರಬಿಯಲ್ಲೇ ಇರಬೇಕೆಂಬ ನಿಲುವು ಉಳಿಯಿತು. ಜನರಿಗೆ ತಿಳಿಯುವ ಪ್ರವಚನ ಅದಕ್ಕೆ ಮುಂಚೆ ಅಥವಾ ನಮಾಝಿನ ನಂತರ ನಡೆಯಿತು. ಉರ್ದು ಮಾತನಾಡುವ ಹನಫೀ ಜಮಾಅತ್‌ಗಳಲ್ಲೂ ಅರಬಿ ಖುತ್ಬಾಕ್ಕೆ ಮುಂಚಿನ ಬಯಾನ್ ರೂಢಿಯಾಯಿತು. ಆರಾಧನೆಯ ಶಬ್ದ ಉಳಿಯಬೇಕು, ಉಪದೇಶದ ಅರ್ಥ ಮುಟ್ಟಬೇಕು. ಬರಾ(ರ)ರವರ ಘಟನೆಯಿಂದ ವಿದ್ವಾಂಸರು ಎಳೆದ ಗೆರೆಯೇ ನಮ್ಮ ಶುಕ್ರವಾರದ ಏರ್ಪಾಡಿನಲ್ಲೂ ಕಾಣುತ್ತದೆ.

ನಮ್ಮ ನೆರೆಯವರೂ ಮಾಡಿದ ಕೆಲಸ

ಮಾತನ್ನು ಒಂದು ಬಾಯಿಂದ ಇನ್ನೊಂದಕ್ಕೆ ದಾಟಿಸುವುದು ಕೊಡಗಿನಲ್ಲಿ ಮುಸ್ಲಿಮರ ಅಗತ್ಯ ಮಾತ್ರ ಆಗಿರಲಿಲ್ಲ. ಹಾಲೇರಿ ಅರಸರ ಮನೆತನದವರು ಆಡಳಿತವನ್ನು ಕನ್ನಡದಲ್ಲಿ ನಡೆಸಿದರು. ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ 'ರಾಜೇಂದ್ರನಾಮೆ' ಎಂದು ಬರೆಯಿಸಿದ. ಲೆಫ್ಟಿನೆಂಟ್ ಅಬರ್‌ಕ್ರಾಂಬಿ ಮಾಡಿದ ಅದರ ಇಂಗ್ಲಿಷ್ ಅನುವಾದ 1808ರದು. ಕೃತಿಯ ಹೆಸರಿನ ಕೊನೆಯಲ್ಲಿ ಫಾರಸಿಯ 'ನಾಮಾ', ಒಳಗೆ ಕನ್ನಡ, ಓದುಗರಲ್ಲಿ ಕಂಪೆನಿಯ ಸಾಹೇಬರು!

ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಿಪಾಟುಗಳನ್ನು ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಭಗವದ್ಗೀತೆಯನ್ನು ಕೊಡವ ತಕ್ಕ್‌ಗೆ ತಂದವರೂ ಅವರೇ. ಹರದಾಸ ಅಪ್ಪಚ್ಚ ಕವಿ ಪುರಾಣದ ಕಥೆಗಳನ್ನು ಕೊಡವ ನಾಟಕಗಳಾಗಿ ಬರೆದರು. ಸಂಸ್ಕೃತ ಓದದ ತಮ್ಮ ಜನರಿಗೆ ಗ್ರಂಥದ ಸಾರ ತಲುಪಬೇಕೆಂದು ನೆರೆಮನೆಯವರು ಪಟ್ಟ ಶ್ರಮವೂ, ಅರಬಿ ತಿಳಿಯದ ತಮ್ಮ ಜನರಿಗಾಗಿ ನಮ್ಮ ಉಸ್ತಾದರು ಪಟ್ಟ ಶ್ರಮವೂ ಒಂದೇ ಮಣ್ಣಿನವು.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯಲ್ಲಿ ಕನ್ನಡ ಇನ್ನಷ್ಟು ಬಲವಾಯಿತು. ಬೆಳಿಗ್ಗೆ ಮದ್ರಸದಲ್ಲಿ ಅರಬಿ-ಮಲಯಾಳಂ ಓದಿದ ಮಗು ಆಮೇಲೆ ಶಾಲೆಯಲ್ಲಿ ಕನ್ನಡ ಬರೆಯತೊಡಗಿತು. ಮಂಗಳೂರಿನಿಂದ 1978ರಲ್ಲಿ 'ಸನ್ಮಾರ್ಗ' ವಾರಪತ್ರಿಕೆ ಹೊರಡತೊಡಗಿತು. ಕುರ್‌ಆನಿನ ಅರ್ಥ ಒಂದಕ್ಕಿಂತ ಹೆಚ್ಚು ಅನುವಾದಗಳಲ್ಲಿ ಕನ್ನಡಕ್ಕೆ ಬಂತು. ಅಬ್ದುಸ್ಸಲಾಮ್ ಪುತ್ತಿಗೆಯವರ 'ಕನ್ನಡದಲ್ಲಿ ಕುರ್‌ಆನ್' ಅವುಗಳಲ್ಲೊಂದು. ನಮ್ಮ ಮಾತು ನಮ್ಮವರಿಗೆ ಮಾತ್ರ ಕೇಳಿಸುವ ಕಾಲ ಅಲ್ಲಿಗೆ ಮುಗಿಯಿತು. ಅರಬಿ-ಮಲಯಾಳಂ ಪುಸ್ತಕವನ್ನು ಹೆಚ್ಚಾಗಿ ಓದುತ್ತಿದ್ದವರು ನಾವೇ. ಕನ್ನಡದ ಪುಟವನ್ನು ಪಕ್ಕದ ಅಂಗಡಿಯವರೂ, ಶಾಲೆಯ ಮೇಷ್ಟ್ರೂ, ಠಾಣೆಯ ಪೊಲೀಸರೂ ಓದುತ್ತಾರೆ. ಆದ್ದರಿಂದ ಕನ್ನಡದಲ್ಲಿ ಪದ ಆರಿಸುವವನ ಹೊಣೆ ದೊಡ್ಡದಾಯಿತು.

ಕನ್ನಡದ ನಾಲ್ಕು ಪದಗಳು

ಝಕಾತನ್ನು 'ದಾನ' ಎಂದು ಬರೆಯುವುದು ಸುಲಭ. ಆದರೆ ದಾನ ಕೊಡುವವನ ಇಚ್ಛೆ. ಝಕಾತ್ ಹಾಗಲ್ಲ. ನಿಸಾಬ್ ತಲುಪಿದ ಹಣ, ಬಂಗಾರದ ಮೇಲೆ ವರ್ಷ ಕಳೆದಾಗ ಶೇಕಡಾ 2.5ರಷ್ಟು ಕೊಡುವುದು ಕಡ್ಡಾಯ. ಅದು ಯಾರಿಗೆ ಸೇರಬೇಕೆಂದು ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗಗಳನ್ನು ಹೆಸರಿಸಿದೆ. ಕುರ್‌ಆನ್ ಬಡವನ ಪಾಲನ್ನು ಹಕ್ಕು ಎಂದು ಕರೆಯುತ್ತದೆ. 'ದಾನ' ಎಂದು ಬರೆದಾಗ ಪಡೆಯುವವನು ಕೈಯೊಡ್ಡಿ ನಿಲ್ಲುತ್ತಾನೆ. 'ಬಡವನ ಹಕ್ಕು' ಎಂದಾಗ ಕೊಡದವನು ಸಾಲಗಾರನಾಗುತ್ತಾನೆ. ಒಂದು ಪದದಲ್ಲಿ ತಲೆತಗ್ಗಿಸುವವರೇ ಬದಲಾಗಿಬಿಡುತ್ತಾರೆ.

ಮಹ್ರ್‌ಗೆ ಕೆಲವರು 'ವಧುದಕ್ಷಿಣೆ' ಎಂದು ಬರೆಯುವುದುಂಟು. ಹೆಣ್ಣಿನ ತಂದೆಗೆ ಗಂಡಿನ ಕಡೆಯವರು 'ತೆರ' ಕೊಡುವ ಪದ್ಧತಿ ಕನ್ನಡ ನಾಡಿನ ಹಲವು ಸಮುದಾಯಗಳಲ್ಲಿ ಇತ್ತು. ಓದುಗ ಮಹ್ರನ್ನೂ ಹಾಗೆಯೇ ತಿಳಿಯಬಹುದು. ಮಹ್ರ್ ತಂದೆಗೂ ಅಲ್ಲ, ಅಣ್ಣನಿಗೂ ಅಲ್ಲ, ವಧುವಿಗೇ ಸೇರಿದ್ದು. ಇನ್ನು 'ವರದಕ್ಷಿಣೆ' ಎಂಬ ಪದ ಇದರಿಂದ ಒಂದೆರಡು ಅಕ್ಷರಗಳಷ್ಟೇ ದೂರ. ಅದು 1961ರ ಕಾಯ್ದೆಯ ಪ್ರಕಾರ ಅಪರಾಧ, ಧರ್ಮದಲ್ಲೂ ಅದಕ್ಕೆ ಆಧಾರವಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಮಹ್ರ್ ಹೆಸರಿಗೆ ಮಾತ್ರ ಉಳಿದು, ವರನ ಕಡೆಗೆ ಹೋಗುವ ಚಿನ್ನ ಮತ್ತು ಹಣವೇ ಮದುವೆಯನ್ನು ತೀರ್ಮಾನಿಸುತ್ತಿರುವಾಗ ಈ ಗೊಂದಲ ಸಣ್ಣದಲ್ಲ. ಖುತ್ಬಾದಲ್ಲಿ ಹೇಳಿದ್ದು ಪತ್ನಿಯ ಹಕ್ಕು. ಸಾರಾಂಶದಲ್ಲಿ ಅದು 'ಮದುವೆಯ ಕೊಡುಕೊಳ್ಳುವಿಕೆಯಲ್ಲಿ ಮಿತವಿರಲಿ' ಎಂದು ಇಳಿದರೆ, ಶುಅಬಾರ ವರದಿಯಲ್ಲಿ 'ಪುರುಷ' ಬಿಟ್ಟುಹೋದಂತೆ ಇಲ್ಲಿ ಹೆಣ್ಣುಮಗಳೇ ಬಿಟ್ಟುಹೋಗುತ್ತಾಳೆ.

ಜಿಹಾದ್‌ಗೆ 'ಧರ್ಮಯುದ್ಧ' ಎಂಬುದು ಪತ್ರಿಕೆಗಳಲ್ಲಿ ಸಲೀಸಾಗಿ ಓಡಾಡುವ ಅನುವಾದ. ಅರಬಿಯಲ್ಲಿ 'ಕಿತಾಲ್' ಎಂದರೆ ಕಾದಾಟ, 'ಜಿಹಾದ್' ಎಂದರೆ ಇರುವ ಶಕ್ತಿಯೆಲ್ಲ ಹಾಕಿ ಶ್ರಮಿಸುವುದು. ಸಂದರ್ಭವಿದ್ದಲ್ಲಿ ಅದು ಯುದ್ಧವೂ ಆಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಬ್ಬರು ಬಂದು ಜಿಹಾದಿಗೆ ಹೋಗಲು ಅನುಮತಿ ಕೇಳಿದಾಗ ಪ್ರವಾದಿ(ಸ)ರವರು, ಹೆತ್ತವರು ಬದುಕಿದ್ದಾರೆಯೇ ಎಂದು ವಿಚಾರಿಸಿ, ಅವರ ಸೇವೆಯಲ್ಲೇ ಜಿಹಾದ್ ಮಾಡಲು ತಿಳಿಸಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಇಲ್ಲಿ 'ಧರ್ಮಯುದ್ಧ' ಎಂದು ಹಾಕಿ ಓದಿ ನೋಡಿ: ಹೆತ್ತವರ ಜೊತೆ ಯುದ್ಧ ಮಾಡು ಎಂದಾಗುತ್ತದೆ! ಎಲ್ಲ ಕಡೆಗೂ ಒಂದೇ ಪದ ಅಂಟಿಸಿದರೆ ಬರುವ ಅನರ್ಥ ಇದು. ಕೊಡಗಿನಂತಹ ಜಿಲ್ಲೆಯಲ್ಲಿ ಅದರ ಬೆಲೆಯನ್ನು ತೆರುವವರು ಬರೆದವರಲ್ಲ, ಸಂತೆಗೆ ಹೋಗಿಬರುವ ಸಾಮಾನ್ಯ ಜನ.

ತಕ್ವಾವನ್ನು 'ದೇವಭಯ' ಎಂದರೆ ತಪ್ಪಿಲ್ಲ, ಆದರೆ ಸಾಲದು. ಉಮರ್(ರ) ಅದರ ಅರ್ಥ ಕೇಳಿದಾಗ ಉಬಯ್ಯ್ ಬಿನ್ ಕಅಬ್(ರ) ಮುಳ್ಳಿನ ದಾರಿಯ ಹೋಲಿಕೆ ಕೊಟ್ಟರೆಂದು ತಫ್ಸೀರ್‌ಗಳಲ್ಲಿದೆ. ಉಡುಪನ್ನು ಎತ್ತಿ ಹಿಡಿದು ಹೆಜ್ಜೆ ನೋಡಿ ಇಡುವುದೇ ತಕ್ವಾ. ಕೊಡಗಿನ ಖತೀಬರು ಇದನ್ನು ಮಳೆಗಾಲದಲ್ಲಿ ಕಾಫಿ ತೋಟದೊಳಗೆ ಜಿಗಣೆಯ ಹಾದಿಯಲ್ಲಿ ನಡೆಯುವವನ ಎಚ್ಚರಕ್ಕೆ ಹೋಲಿಸಿದರೆ ಕೇಳುವವನಿಗೆ ತಕ್ಷಣ ತಿಳಿಯುತ್ತದೆ. ಮುಳ್ಳು ಹೋಗಿ ಜಿಗಣೆ ಬಂತು, ಅರ್ಥ ಕೂದಲೆಳೆಯಷ್ಟೂ ಕದಲಲಿಲ್ಲ. ಇದು ಒಳ್ಳೆಯ ಬದಲಾವಣೆ. ಆದರೆ ಉಬಯ್ಯ್(ರ) ಹೇಳಿದ್ದು ಮುಳ್ಳು, ಜಿಗಣೆ ನಮ್ಮ ಊರಿನದು ಎಂದು ಒಂದು ಮಾತು ಸೇರಿಸಬೇಕು. ಇಲ್ಲವಾದರೆ ನಾಳೆ ಯಾರಾದರೂ ಮದೀನದಲ್ಲಿ ಜಿಗಣೆ ಹುಡುಕಿಯಾರು.

ಹೊಣೆ ಯಾರದು

ಮಿಂಬರಿನ ಮಾತು ಅಚ್ಚಾದಾಗ ಇನ್ನೊಂದು ಬದಲಾವಣೆ ಆಗುತ್ತದೆ. ಖತೀಬರ ಧ್ವನಿ, ಮುಖಭಾವ, ಎದುರಿಗಿದ್ದ ಜನ ಯಾವುದೂ ಪುಟದಲ್ಲಿ ಇರುವುದಿಲ್ಲ. ಆ ವಾರ ಊರಿನಲ್ಲಿ ನಡೆದ ಸಾವು ಅಥವಾ ಜಗಳವನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತು, ಸಂದರ್ಭ ಬಿಟ್ಟು ಅಚ್ಚಾದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಕೊಟ್ಟ ತೀರ್ಪಿನಂತೆ ಕಾಣುತ್ತದೆ. ಈಗಂತೂ ಪುಟದ ಎರಡು ಸಾಲಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳುಹಿಸುತ್ತಾರೆ. ವಿನಾಯಿತಿ ಮೂರನೇ ಸಾಲಿನಲ್ಲಿ ಉಳಿದುಹೋಗಿರುತ್ತದೆ.

ಆದ್ದರಿಂದ ಸಾರಾಂಶ ಬರೆಯುವವರೂ, ಅದನ್ನು ಮನೆಯಲ್ಲಿ ಮತ್ತೆ ಹೇಳುವವರೂ ಹಿಂದಿನವರ ಶಿಸ್ತನ್ನು ಕೈಗೆತ್ತಿಕೊಳ್ಳಬೇಕು. ತಿಳಿಯದ ಪದವನ್ನು ಊಹಿಸಿ ಬರೆಯದೆ ಉಸ್ತಾದರಲ್ಲಿ ಕೇಳಬೇಕು. ದುಆ, ಝಿಕ್ರ್‌ಗಳ ಮೂಲ ಶಬ್ದವನ್ನು ಉಳಿಸಿ ಅರ್ಥವನ್ನು ಪಕ್ಕದಲ್ಲಿ ಕೊಡಬೇಕು. ಷರತ್ತು, ವಿನಾಯಿತಿಗಳನ್ನು ಜಾಗ ಸಾಲದೆಂದು ಕತ್ತರಿಸಬಾರದು. ಜಾಗ ಸಾಲದಿದ್ದರೆ ಇಡೀ ವಿಷಯವನ್ನೇ ಮುಂದಿನ ತಿಂಗಳಿಗೆ ಇಡುವುದು ಮೇಲು. ಕುರ್‌ಆನಿನ ಮಾತು ಯಾವುದು, ಹದೀಸ್ ಯಾವುದು, ಖತೀಬರ ವಿವರಣೆ ಯಾವುದು, ಬರೆದವರ ಮಾತು ಯಾವುದು ಎಂದು ಓದುಗನಿಗೆ ತಿಳಿಯುವಂತಿರಬೇಕು. ಸಾಧ್ಯವಾದಲ್ಲೆಲ್ಲ ಅಚ್ಚಿಗೆ ಮುಂಚೆ ಖತೀಬರಿಗೇ ಓದಿ ಹೇಳಬೇಕು. ಇಸ್ಮಾಈಲ್ ಬಿನ್ ಉಲಯ್ಯರಂತೆ ಅವರು ಬಿಟ್ಟುಹೋದ ಪದವನ್ನು ಹಿಡಿದುಕೊಡುತ್ತಾರೆ.

ಓದುಗರಿಗೂ ಪಾಲಿದೆ. ಸಾರಾಂಶ ಓದಿ ಸಂಶಯ ಬಂದರೆ ಅದನ್ನು ಹಂಚುವ ಮೊದಲು ಮಹಲ್ಲಿನ ಉಸ್ತಾದರ ಬಳಿ ಹೋಗಿ ಕೇಳಿ. ಮನೆಯಲ್ಲಿ ಮಕ್ಕಳಿಗೆ ಹೇಳುವಾಗ ನಿಮ್ಮ ಭಾಷೆಯಲ್ಲೇ ಧೈರ್ಯವಾಗಿ ಹೇಳಿ, ಅದು ಕೊಡವ ತಕ್ಕ್ ಆಗಲಿ, ಬ್ಯಾರಿಯಾಗಲಿ, ಕನ್ನಡವಾಗಲಿ. ಕೇಳಿದ್ದನ್ನು ಮುಟ್ಟಿಸುವವನಿಗೆ ಪ್ರವಾದಿ(ಸ)ರವರ ದುಆ ಇದೆ. ಅದೇ ಪ್ರವಾದಿ(ಸ)ರವರು ತಮ್ಮ ಹೆಸರಿನಲ್ಲಿ ಸುಳ್ಳು ಹೇಳುವವನಿಗೆ ನರಕದ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಈ ಎರಡರ ನಡುವಿನ ದಾರಿಯಲ್ಲಿ ಹೆಜ್ಜೆ ನೋಡಿ ಇಡುವುದೂ ತಕ್ವಾವೇ.

ಕೇಳಿದ ಒಳಿತನ್ನು ಕೆಡಿಸದೆ ಮುಟ್ಟಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.